ರೇಡಿಯೊಕ್ಕೆ ಬೇರೆ ಅರ್ಥಿಂಗ್ ಮಾಡೂ ಮುಂಚೆ ಇದನ್ನ ಕೇಳು

ತಮಾ, ನಿನ್ನ ಮೆಸೇಜು ನೋಡಿದೆ. ಹ್ಯಾಮ್ ರೇಡಿಯೊಕ್ಕೆ (ಹವ್ಯಾಸಕ್ಕೆ ಮಾತಾಡೋ ರೇಡಿಯೊ) ತೆಂಗಿನಮರಕ್ಕೂ ಮಾಳಿಗೆಗೂ ನಡುವೆ 7 ಮೆಗಾಹರ್ಟ್ಸಿನ ಡೈಪೋಲ್, ಅಂದ್ರೆ ತಂತಿ ಆಂಟೆನಾ, ಎಳೆದಿದ್ದೀಯ. ವೈರಿಂಗಿನವ "ರೇಡಿಯೊಕ್ಕೆ ಬೇರೆ ಹೊಂಡ ತೆಗಿ, ಮನೆ ಅರ್ಥಿಂಗಿಗೆ ತಾಗಿಸಬೇಡ, ಸಿಡಿಲು ಒಳಗೆ ಬರ್ತದೆ" ಅಂದ, ಅಲ್ದಾ? ಟೈಪ್ ಮಾಡಿದ್ರೆ ಮುಗಿಯೋದಲ್ಲ, ಮಾತಾಡಿಯೇ ಕಳಿಸ್ತೆ.

ಹೊಂಡ ತೆಗಿ, ಆದ್ರೆ ತಾಗಿಸಲೇಬೇಕು. ನಿನ್ನ ಪವರ್ ಸಪ್ಲೈ ಮೂರು ಪಿನ್ನಿನ ಪ್ಲಗ್ಗಿಂದ ಮನೆ ಅರ್ಥಿಂಗಿಗೆ ಆಗಲೇ ಸೇರಿಕೊಂಡಿದೆ. ಸಿಡಿಲಿನ 10 ಸಾವಿರ ಆಂಪಿಯರ್ 10 ಓಮಿನ ಹೊಂಡಕ್ಕೆ ಇಳೀತು ಅಂದ್ಕೋ, ಆ ಹೊಂಡ 1 ಲಕ್ಷ ವೋಲ್ಟಿಗೆ ಏರ್ತದೆ. ಮನೆ ಹಿಂದಿನ ಅರ್ಥಿಂಗ್ ಕೆಳಗೇ ಉಳೀತದೆ. ಎರಡರ ನಡುವೆ ಇರೋದು ನಿನ್ನ ರೇಡಿಯೊ, ಕರೆಂಟು ಅದನ್ನೇ ದಾಟ್ಕೊಂಡು ಹೋಗ್ತದೆ. ಹೊರಗಡೆ ಎರಡನ್ನೂ ಕಟ್ಟಿಬಿಟ್ರೆ ಎಲ್ಲಾ ಒಟ್ಟಿಗೇ ಏರಿ ಒಟ್ಟಿಗೇ ಇಳೀತದೆ, ರೇಡಿಯೊದೊಳಗೆ ಹರಿಯೋದು ಬಹಳ ಕಮ್ಮಿ ಆಗ್ತದೆ.

ಆಂಟೆನಾ ಕೇಬಲ್ ಮನೆ ಹೊಗೋ ಜಾಗ ಆದಷ್ಟೂ ಮೀಟರ್ ಬೋರ್ಡಿನ ಹತ್ರ ಇರ್ಲಿ. ಅಲ್ಲಿ ಗೋಡೆ ಹೊರಗೆ ಒಂದು ತಾಮ್ರದ ಪ್ಲೇಟು, ಅದರ ಮೇಲೆ ಸರ್ಜ್ ಅರೆಸ್ಟರ್, ಅಂದ್ರೆ ವಿಪರೀತ ವೋಲ್ಟೇಜ್ ಬಂದ್ರೆ ಅರ್ಥಿಗೆ ಇಳಿಸೋ ಸಾಧನ. ಕೋಯಾಕ್ಸಿನ (ಅದೇ ಆಂಟೆನಾ ಕೇಬಲ್ಲಿನ) ಮೇಲಿನ ಜಾಲರಿ ಅಲ್ಲೇ ಅರ್ಥ್ ಆಗ್ಬೇಕು. ಟಿವಿ ಡಿಶ್ಶಿನ ಕೇಬಲ್ಲೂ ಅದೇ ಪ್ಲೇಟಿನಿಂದಲೇ ಒಳಗೆ ಹೋಗ್ಲಿ. ಅರೆಸ್ಟರಿನೊಳಗೆ ಇಷ್ಟು ವೋಲ್ಟ್ ದಾಟಿದ್ರೆ ಹೊತ್ಕೊಂಡು ಕರೆಂಟು ಬಿಡೋ ಗ್ಯಾಸ್ ಟ್ಯೂಬ್ ಇರ್ತದೆ, ಅದನ್ನ 90 ವೋಲ್ಟಿಂದು ತರಬೇಡ. 100 ವಾಟಿಗೆ 50 ಓಮಿನ ಕೇಬಲ್ಲಲ್ಲಿ ಪೀಕ್ (ಅಲೆಯ ಶಿಖರದ) ವೋಲ್ಟೇಜೇ 100 ಆಗ್ತದೆ, ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದ್ತಿಲ್ಲ ಅನ್ನೋ ಅಳತೆ) 3 ಇದ್ರೆ 170ರ ಮೇಲೆ. ನೀ ಮಾತಾಡಿದಾಗೆಲ್ಲ ಟ್ಯೂಬು ಹೊತ್ಕೊಳ್ತದೆ. 350ರದ್ದು ಹಾಕು.

ಪ್ಲೇಟಿಂದ ಕೆಳಗೆ 25 ಗುಣಿಸು 3 ಮಿಲಿಮೀಟರಿನ ತಾಮ್ರದ ಪಟ್ಟಿ, ಎಷ್ಟು ಗಿಡ್ಡ ಆಗ್ತದೋ ಅಷ್ಟು. ದುಂಡು ವೈರಿನ ಇಂಡಕ್ಟೆನ್ಸ್ (ಕರೆಂಟು ಗಕ್ಕನೆ ಏರೋದನ್ನ ತಡೆಯೋ ಗುಣ) ಒಂದು ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ. ಸಿಡಿಲು ಮೈಕ್ರೋಸೆಕೆಂಡಿಗೆ 10 ಸಾವಿರ ಆಂಪಿಯರ್ ಏರಿದ್ರೆ ಆ ಒಂದೇ ಮೀಟರಲ್ಲಿ 10 ಸಾವಿರ ವೋಲ್ಟ್ ನಿಲ್ತದೆ. ಉಳಿದ ವೈರನ್ನ ಸುತ್ತಿ ಸಿಂಬಿ ಮಾಡಿಡ್ತಾರಲ್ಲ, ಅದಂತೂ ಬೇಡವೇ ಬೇಡ. ತಿರುವು ಬಂದ್ರೆ 20 ಸೆಂಟಿಮೀಟರ್ ತ್ರಿಜ್ಯದಲ್ಲಿ ದುಂಡಗೆ ಬಾಗಿಸು.

ನೆಲಕ್ಕೆ ಹೊಡೆಯೋ ಅರ್ಥಿಂಗ್ ರಾಡು 3 ಮೀಟರಿಂದು. ಎರಡು ಹಾಕೋದಾದ್ರೆ ನಡುವೆ 6 ಮೀಟರ್ ಬಿಡು, ಹತ್ರ ಹತ್ರ ಹೊಡೆದ್ರೆ ಎರಡನೇದು ಸುಮಾರು ದಂಡ. ಆದ್ರೆ ನಮ್ಮ ಕಡೆ ಚಿರೆಕಲ್ಲಲ್ಲಿ ರಾಡು ಇಳೀಬೇಕಲ್ಲ ಮಾರಾಯ! ಇಳೀದೇ ಇದ್ರೆ ಅರ್ಧ ಮೀಟರಿಗಿಂತ ಆಳದ ಕಾಲುವೆ ತೋಡಿ ಬರೀ ಪಟ್ಟಿನೇ 10 ಮೀಟರ್ ಮಲಗಿಸಿ ಹುಗಿ. ಆ ಕಾಲುವೆ ಮನೆ ಅರ್ಥಿಂಗಿನ ಕಡೆಗೇ ಹೋಗ್ಲಿ, ಎರಡು ಕೆಲಸ ಒಂದೇ ಹೊಂಡದಲ್ಲಿ. ಮನೆಯೊಳಗಿಂದ ಹಾಯಿಸಬೇಡ. ಉಪ್ಪು ಹಾಕೋದು ಬೇಡ, ಶಿರಸಿ ಮಳೆಗೆ ತೊಳೆದು ಹೋಗ್ತದೆ, ಇದ್ದಷ್ಟು ದಿನ ಲೋಹ ತಿಂತದೆ. ನೀರು ಹಿಡಿದಿಡೋ ಬೆಂಟೊನೈಟ್ ಮಣ್ಣು ತುಂಬು.

ಕಾರವಾರದ ಅಕ್ಕನ ಮನೇಲೂ ಹಾಕೋದು ಅಂತ ನೀ ಅಂದಿದ್ದೆ. ಅಲ್ಲಿ ಉಪ್ಪುಗಾಳಿ. ತಾಮ್ರವನ್ನ ಜಿಐ (ಸತು ಬಳಿದ ಕಬ್ಬಿಣದ) ಪಟ್ಟಿಗೆ ನೇರ ಒತ್ತಿ ಬೋಲ್ಟ್ ಮಾಡಿದ್ರೆ ಜಿಐ ತುಕ್ಕು ಹಿಡಿದು ಸಡಿಲ ಆಗ್ತದೆ. ನಡುವೆ ಸ್ಟೇನ್‌ಲೆಸ್ ವಾಷರ್ ಹಾಕು. ಸೋಲ್ಡರ್ ಬೆಸುಗೆ ನಂಬಬೇಡ, ಸಿಡಿಲಿನ ಬಿಸಿಗೆ ಕರಗ್ತದೆ.

ಇಷ್ಟಾದ್ರೂ ನೇರ ಹೊಡೆತಕ್ಕೆ ಗ್ಯಾರಂಟಿ ಇಲ್ಲ. ಏಪ್ರಿಲ್-ಮೇ ಸಂಜೆ, ಮತ್ತೆ ಹಿಂಗಾರಲ್ಲಿ, ರೇಡಿಯೊ ಮುಗಿದ ಕೂಡ್ಲೇ ಕೇಬಲ್ಲನ್ನ ಗೋಡೆ ಹೊರಗೇ ಬಿಚ್ಚಿಡು, ಪ್ಲಗ್ಗೂ ಕಿತ್ತಿಡು. ಒಳಗೆ ಮೇಜಿನ ಮೇಲೆ ತುದಿ ಬಿಟ್ರೆ ಸಿಡಿಲು ಅಲ್ಲಿಂದ್ಲೇ ಹಾರ್ತದೆ. ಗುಡುಗು ಕೇಳಿದ ಮೇಲೆ ಬಿಚ್ಚೋಕೆ ಹೋಗಬೇಡ, ಕೈ ಇಡಬೇಡ. ಕೊನೇ ಗುಡುಗಾಗಿ ಅರ್ಧ ಗಂಟೆ ಕಳೀಲಿ. ಆರ್‌ಸಿಸಿಬಿ (ಕರೆಂಟು ಸೋರಿದ್ರೆ ಬೀಳೋ ಸ್ವಿಚ್ಚು) ಇದೆ ಅಂದ್ಯಲ್ಲ, ಅದು ಸಿಡಿಲಿಗಲ್ಲ. ಮೇನ್ ಬೋರ್ಡಿಗೆ ಎಸ್‌ಪಿಡಿ, ಅಂದ್ರೆ ಕರೆಂಟಿನ ಲೈನಲ್ಲಿ ಬರೋ ಸರ್ಜ್ ತಡೆಯೋ ಸಾಧನ, ಬೇರೆಯೇ ಬೇಕು.

ಗುದ್ದಲಿ ಹಾಕೂ ಮುಂಚೆ ಮೀಟರ್ ಬೋರ್ಡಿನ ಗೋಡೇದು, ಹಳೇ ಅರ್ಥಿಂಗ್ ಹೊಂಡದ್ದು ಒಂದೊಂದು ಫೋಟೋ ಹಾಕು, ಎಷ್ಟು ಮೀಟರ್ ಪಟ್ಟಿ ತರಬೇಕು ಹೇಳ್ತೆ.