ಅಪ್‌ಡೇಟ್: ಮೈನಾರ್ಸ್ಕಿ ಸೆಲ್ಯೂಟ್ ಹೊಡೆದದ್ದನ್ನು ನೋಡಿದವರು ಯಾರು?

ಎರಡನೇ ಮಹಾಯುದ್ಧದಲ್ಲಿ ಉರಿಯುತ್ತಿದ್ದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಒಳಗೆ, ಸಿಕ್ಕಿಬಿದ್ದ ಗೆಳೆಯನಿಗಾಗಿ ಕೆನಡಾದ ಆಂಡ್ರ್ಯೂ ಮೈನಾರ್ಸ್ಕಿ ಮಾಡಿದ್ದು ಹೊರಗೆ ಗೊತ್ತಾಗಿದ್ದು ಹೇಗೆ ಅಂತ ಕೇಳಿದ್ದೆ, ಅಲ್ವಾ? ಉತ್ತರ ಸಿಕ್ಕಿತು. ಅವನು ಬಿಡಿಸಲು ಹೋದ ಗೆಳೆಯ ಪ್ಯಾಟ್ ಬ್ರೋಫಿಯೇ ಸಾಕ್ಷಿ.

1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೆ ಊರಿನ ಮೇಲೆ ಬಾಂಬ್ ದಾಳಿಗೆ ಹೊರಟಿದ್ದರು. ಜರ್ಮನ್ ವಿಮಾನ ಹೊಡೆಯಿತು. ಬಾಲದ ಗನ್ ಗೂಡು ಜಾಮ್, ಬ್ರೋಫಿ ಒಳಗೇ. ಮೈನಾರ್ಸ್ಕಿ ಕೊಡಲಿಯಿಂದ ಹೊಡೆದ, ಆಮೇಲೆ ಬರಿಗೈಯಲ್ಲಿ ಎಳೆದ. ಬಟ್ಟೆಗೆ ಬೆಂಕಿ ಹತ್ತಿತ್ತು. ಬ್ರೋಫಿ 'ಹೋಗು' ಅಂತ ಕೈ ಬೀಸಿದ. ಮೈನಾರ್ಸ್ಕಿ ಹಿಂದಕ್ಕೆ ತೆವಳಿ, ಎದ್ದು ಸೆಲ್ಯೂಟ್ ಹೊಡೆದು ಜಿಗಿದ. ಸುಟ್ಟಗಾಯದಿಂದ ಸತ್ತ. 27 ವರ್ಷ ಅಷ್ಟೇ.

ವಿಚಿತ್ರ ನೋಡಿ, ವಿಮಾನ ನೆಲಕ್ಕೆ ಬಡಿದಾಗ ಬ್ರೋಫಿ ಹೊರಗೆ ಚಿಮ್ಮಿ ಬದುಕಿದ. ಅವನು ಹೇಳಿದ ಮೇಲೇ 1946ರಲ್ಲಿ ಮೈನಾರ್ಸ್ಕಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದಿದ್ದು.