ತಾಯಿ ಕಾರ್ಡಲ್ಲಿ ಬರೆದರೆ ಜನನ ನೋಂದಣಿ ಆದ ಹಾಗಾ?

ಪ್ರಶ್ನೆ: ಮೇಡಂ, ನಮ್ಮದು ಶಿರಸಿ ಕಡೆ ಹಳ್ಳಿ. ಮಳೆಗೆ ದಾರಿಯಲ್ಲಿ ಮರ ಬಿದ್ದು ಆಂಬ್ಯುಲೆನ್ಸ್ ತಡವಾಯಿತು. ತಂಗಿಗೆ ಮನೆಯಲ್ಲೇ ಹೆರಿಗೆ ಆಯಿತು. ಈಗ ಹದಿನಾರು ದಿನ, ಬಾಣಂತಿ, ಮಗು ಇಬ್ಬರೂ ಆರಾಮ. ಆಶಾ ಅಕ್ಕ ಮರುದಿನವೇ ಬಂದು ತೂಕ ನೋಡಿ ಕಾರ್ಡಲ್ಲಿ ಬರೆದಿದ್ದಾರೆ. ಅಷ್ಟು ಸಾಕಲ್ವಾ? ಹೆಸರಿಟ್ಟ ಮೇಲೆ ಭಾವನ ಊರು ಕಾರವಾರದಲ್ಲೇ ಸರ್ಟಿಫಿಕೇಟ್ ಮಾಡಿಸೋಣ ಅಂತಿದ್ದಾರೆ ಮನೆಯಲ್ಲಿ.

ಉತ್ತರ (ಆರೋಗ್ಯ ಸುರಕ್ಷಾಧಿಕಾರಿ): ಸಾಲದು ತಮ್ಮಾ. ಆಶಾ ಅಕ್ಕ ಬರೆದಿದ್ದು ಲಸಿಕೆ, ಬಾಣಂತಿ ಆರೈಕೆಯ ಲೆಕ್ಕಕ್ಕೆ. ಜನನ ನೋಂದಣಿ ಬೇರೆಯೇ. ಆಸ್ಪತ್ರೆಯಲ್ಲಾದರೆ ಅವರೇ ತಿಳಿಸುತ್ತಾರೆ. ಮನೆಯಲ್ಲಾದರೆ ಆ ಹೊಣೆ ಮನೆಯ ಯಜಮಾನರದು, 21 ದಿನದೊಳಗೆ. ನಾಳೆಯೇ ನಿಮ್ಮೂರಿನ ಜನನ-ಮರಣ ನೋಂದಣಾಧಿಕಾರಿ ಹತ್ತಿರ ಹೋಗಿ. 30 ದಿನದವರೆಗೆ ದಂಡ ಕಟ್ಟಿ ಮಾಡಿಸಬಹುದು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ದಾಖಲೆ ಅಂದರೆ ಜನನ ಪ್ರಮಾಣಪತ್ರವೇ.

ಕಾರವಾರದಲ್ಲಿ ಆಗುವುದಿಲ್ಲ. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ಹೆಸರಿಗೆ ಕಾಯುವುದೂ ಬೇಡ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಇನ್ನೊಂದು ಮಾತು. ಆ ಫಾರಂನಲ್ಲಿ ತಾಯಿಯ ವಯಸ್ಸು, ಎಷ್ಟನೇ ವಾರಕ್ಕೆ ಹೆರಿಗೆ, ಯಾರು ಮಾಡಿಸಿದ್ದು, ಮಗುವಿನ ತೂಕ ಎಲ್ಲ ಕೇಳುತ್ತಾರೆ. ದಯವಿಟ್ಟು ಅಂದಾಜಿಗೆ ‘ಮೂರು ಕೆಜಿ’ ಅಂತ ಬರೆಸಬೇಡಿ. ಕಾರ್ಡ್ ತೆಗೆದುಕೊಂಡು ಹೋಗಿ, ಅದರಲ್ಲಿರುವ ತೂಕವನ್ನೇ ಬರೆಸಿ. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಕ್ಕಳು ಎಷ್ಟು, ಮನೆ ಹೆರಿಗೆ ಎಷ್ಟು ಅನ್ನೋದು ಇಂಥ ಫಾರಂಗಳಿಂದಲೂ ಗೊತ್ತಾಗುವುದು. ನಿಮ್ಮ ಮನೆಯ ಹೆರಿಗೆ ಲೆಕ್ಕಕ್ಕೇ ಬರದಿದ್ದರೆ, ಮಳೆಗಾಲದಲ್ಲಿ ನಿಮ್ಮೂರಿಗೆ ಗಾಡಿ ಬರುವುದಿಲ್ಲ ಅನ್ನೋದೂ ಮೇಲಿನವರಿಗೆ ಕಾಣುವುದಿಲ್ಲ. ನನಗೆ ಬೇಜಾರಾಗುವುದು ಇದಕ್ಕೇ.

ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕಿಸಿದ್ದೀರಾ? ಮನೆ ಹೆರಿಗೆಯಲ್ಲಿ ಅದು ತಪ್ಪಿಹೋಗುವುದೇ ಜಾಸ್ತಿ. ಒಂದು ವರ್ಷದೊಳಗೆ ಹಾಕಬಹುದು, ಆದರೆ ತಡ ಮಾಡಬೇಡಿ.

ಇನ್ನೊಬ್ಬರು: ನಾವು ಕಾರವಾರದವರು ಮೇಡಂ. ಹೆಂಡತಿಗೆ ಗೋವಾದ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ನಮ್ಮದು?

ಉತ್ತರ: ನಿಮ್ಮದು ಗೋವಾದಲ್ಲೇ ಅಣ್ಣಾ. ಆಸ್ಪತ್ರೆಯಿಂದ ಬಿಡುವ ಮೊದಲೇ ತಂದೆ-ತಾಯಿ ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿಕೊಳ್ಳಿ. ಆಮೇಲೆ ತಿದ್ದಿಸಲು ಮತ್ತೆ ಅಲ್ಲಿಗೇ ಹೋಗಬೇಕು. ಊರಿಗೆ ಬಂದ ಕೂಡಲೇ ನಿಮ್ಮ ವಾರ್ಡಿನ ಆಶಾಗೆ ತಿಳಿಸಿ. ಒಂದೂವರೆ ತಿಂಗಳ ಲಸಿಕೆಗೆ ಮಗುವಿನ ಹೆಸರು ಇಲ್ಲಿನ ಪಟ್ಟಿಯಲ್ಲಿ ಇರಬೇಕು.