ಅಪ್‌ಡೇಟ್: ಸಿಸೇರಿಯನ್ ನಂತರ ಎಪಿಡ್ಯೂರಲ್ ಇದ್ದರೂ ಒಂದೇ ಬದಿಯಲ್ಲಿ ನೋವು

ಸಿಸೇರಿಯನ್ ಬಳಿಕ ಎಪಿಡ್ಯೂರಲ್ ನಳಿಕೆ (ನೋವು ತಡೆಯುವ ಔಷಧ ಕೊಡಲು ಬೆನ್ನುಮೂಳೆಯೊಳಗೆ ಇಡುವ ತೆಳು ಕೊಳವೆ) ಇದ್ದರೂ ತಂಗಿಗೆ ಹೊಟ್ಟೆಯ ಬಲಭಾಗದಲ್ಲಿ ಮಾತ್ರ ನೋವು ಉಳಿದಿರುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೋವಿರುವ ಮಗ್ಗುಲಿಗೆ ಮಲಗಿಸುವ ಸಲಹೆಯಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅರಿವಳಿಕೆ ತಜ್ಞರನ್ನೇ ಕರೆಸಿ ಎಂದವರ ಮಾತು ಫಲಿಸಿತು: ನಳಿಕೆಯ ತುದಿ ಒಂದು ಬದಿಗೆ ಸರಿದಿರಬಹುದೆಂದು ಹೇಳಿದ ಅವರು, ಅದನ್ನು ಸುಮಾರು 1 ಸೆಂ.ಮೀ. ಹಿಂದಕ್ಕೆಳೆದು ಮರಗಟ್ಟಿಸುವ ಔಷಧವಾದ ಬ್ಯುಪಿವಕೇನ್ ಮತ್ತೊಮ್ಮೆ ಕೊಟ್ಟ ಮೇಲೆ, ಅರ್ಧ ಗಂಟೆಯೊಳಗೆ ಅವಳು ಮಗುವಿಗೆ ನೆಮ್ಮದಿಯಿಂದ ಹಾಲೂಡಿಸುವಂತಾದಳು. ಮೈ ತುರಿಸಿದ್ದನ್ನು ಕಂಡು ಅಲರ್ಜಿಯೆಂದು ಹೆದರಿದ್ದೆವು. ಅದು ಎಪಿಡ್ಯೂರಲ್ ಔಷಧದಲ್ಲಿ ಬೆರೆಸಿದ್ದ ನೋವುನಿವಾರಕ ಫೆಂಟನಿಲ್‌ನ ಸಾಮಾನ್ಯ ಪರಿಣಾಮವಂತೆ. ನಾನು ನಿರೀಕ್ಷಿಸದಿದ್ದ ಇನ್ನೊಂದು ಸಂಗತಿಯೆಂದರೆ, ರಕ್ತ ಹೆಪ್ಪುಗಟ್ಟದಿರಲೆಂದು ಮುನ್ನೆಚ್ಚರಿಕೆಯಾಗಿ ಕೊಡುವ ಎನಾಕ್ಸಪರಿನ್ ಚುಚ್ಚುಮದ್ದಿನ ನಂತರ ಕನಿಷ್ಠ 12 ಗಂಟೆ ಕಾದೇ ನಳಿಕೆಯನ್ನು ತೆಗೆಯಬೇಕು. ಆದ್ದರಿಂದ ಚುಚ್ಚುಮದ್ದು ಕೊಟ್ಟ ಸಮಯವನ್ನು ನೀವೂ ದಯವಿಟ್ಟು ಬರೆದಿಟ್ಟುಕೊಳ್ಳಿ.